ಅಗ್ಗದ ದೀಪಕ್ಕೆ ಎಣ್ಣೆ ಕೊಟ್ಟವರು ಯಾರು?

2021ರ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ. ಬೆಳಗಿನ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲು ಇಳಿಯುತ್ತಿದ್ದೆ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳಿಯನೂ ಅಲ್ಲೇ ಕೆಲಸದಲ್ಲಿದ್ದಾನೆ. ಎರಡು ವರ್ಷದ ಮಗುವಿದೆ.

"ಮೇಷ್ಟ್ರೇ, ಅವರ ಮನೆಗೆ ಕರೆಂಟು ಕೊಡೋ ಕಂಪನಿ ದಿವಾಳಿ ಆಯ್ತಂತೆ. ಗ್ಯಾಸೂ ಅದೇ ಕಂಪನಿದಂತೆ. ಅಲ್ಲಿ ಚಳಿ ಶುರುವಾಗ್ತಾ ಇದೆ. ಮಗು ಕಟ್ಕೊಂಡು ಕತ್ತಲಲ್ಲಿ ಏನು ಮಾಡ್ತಾಳೋ. ಕಟ್ಟಿದ ದುಡ್ಡೂ ಹೋಯ್ತೋ ಏನೋ. ಪ್ರಾರ್ಥನೆ ಮಾಡಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಆ ಹೊತ್ತಿಗೆ ನನಗೂ ಏನೂ ತಿಳಿದಿರಲಿಲ್ಲ. ಕರೆಂಟು ಕಂಪನಿ ದಿವಾಳಿಯಾಗುವುದು ಎಂದರೇನು? ನಮ್ಮ ರಾಜ್ಯದಲ್ಲಿ ಅಂಥ ಮಾತೇ ಇಲ್ಲ. ಬೆಂಗಳೂರಿನವರಿಗೆ ಬೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ. ಯಾವ ಊರಿನಲ್ಲಿದ್ದೇವೋ ಆ ಊರಿನ ಸರ್ಕಾರಿ ಕಂಪನಿಯೇ ನಮ್ಮ ಕಂಪನಿ. ಬಿಲ್ ಹೆಚ್ಚಾದರೆ ಗೊಣಗುತ್ತೇವೆ, ಕರೆಂಟು ಹೋದರೆ ಮೇಣದ ಬತ್ತಿ ಹಚ್ಚುತ್ತೇವೆ. ಆದರೆ ಕಂಪನಿಯೇ ಬೆಳಗಾಗುವಷ್ಟರಲ್ಲಿ ಮಾಯವಾದೀತೆಂಬ ಭಯ ನಮಗಿಲ್ಲ.

ಆ ತಾಯಿಯ ಸಂಕಟವನ್ನು ಕಂಡ ಮೇಲೆ ವಿಷಯವನ್ನು ಸ್ವಲ್ಪ ಓದಿ, ಕೇಳಿ ತಿಳಿದುಕೊಂಡೆ. ಬ್ರಿಟನ್ನಿನಲ್ಲಿ ಮನೆಯವರೇ ತಮಗೆ ಬೇಕಾದ ಕಂಪನಿಯನ್ನು ಆರಿಸಿಕೊಳ್ಳುವ ವ್ಯವಸ್ಥೆ 1990ರ ದಶಕದ ಕೊನೆಯಲ್ಲಿ ಬಂದಿತು. ತಂತಿ, ಕೊಳವೆ, ಮೀಟರು ಬದಲಾಗುವುದಿಲ್ಲ. ವಿದ್ಯುತ್ತನ್ನೂ ಗ್ಯಾಸನ್ನೂ ಸಗಟಿನಲ್ಲಿ ಕೊಂಡು ನಮಗೆ ಮಾರಿ ಬಿಲ್ ಕಳಿಸುವವರು ಮಾತ್ರ ಬದಲಾಗುತ್ತಾರೆ. ಮೊದಲು ಆರು ದೊಡ್ಡ ಕಂಪನಿಗಳೇ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ ಹಂಚಿಕೊಂಡಿದ್ದವು. ಪೈಪೋಟಿ ಹೆಚ್ಚಿದರೆ ಬೆಲೆ ಇಳಿದೀತೆಂದು ಸಣ್ಣ ಕಂಪನಿಗಳಿಗೂ ಬಾಗಿಲು ತೆರೆಯಲಾಯಿತು. 2018ರ ಮಧ್ಯದ ಹೊತ್ತಿಗೆ ಕಂಪನಿಗಳ ಸಂಖ್ಯೆ 70ಕ್ಕೆ ಏರಿತ್ತು.

ಸಣ್ಣ ಕಂಪನಿಗಳಲ್ಲಿ ಹಲವು ಅಗ್ಗಕ್ಕೆ ಮಾರುತ್ತಿದ್ದವು. ಜನ ಅವುಗಳ ಕಡೆ ಹೋದರು. ನಮ್ಮ ತಾಯಿಯ ಮಗಳೂ ಹೋಗಿದ್ದಳು. ಹೊಸ ಊರು, ಬಾಡಿಗೆ ಮನೆ, ಊರಿನಲ್ಲಿ ತೀರಿಸಬೇಕಾದ ಸಾಲ. ನಾಲ್ಕು ಕಾಸು ಉಳಿಯುವ ಕಡೆ ಹೋಗುವುದು ಸಂಸಾರಸ್ಥರ ಧರ್ಮವಲ್ಲವೆ?

2021ರಲ್ಲಿ ಏನಾಯಿತು?

ಕೋವಿಡ್ ಹಿಮ್ಮೆಟ್ಟಿ ಕಾರ್ಖಾನೆಗಳು ತೆರೆದವು. ಹಿಂದಿನ ದೀರ್ಘ ಚಳಿಗಾಲದಿಂದ ಯುರೋಪಿನ ಗ್ಯಾಸ್ ದಾಸ್ತಾನು ಕರಗಿತ್ತು. ರಷ್ಯಾದಿಂದ ಬರುವ ಗ್ಯಾಸೂ ಸಾಕಷ್ಟು ಬರಲಿಲ್ಲ. ಸಗಟು ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು. ಆದರೆ ಮನೆಗಳಿಂದ ವಸೂಲು ಮಾಡುವ ಬೆಲೆಗೆ 2019ರ ಜನವರಿಯಿಂದ ಕಾನೂನಿನ ಮಿತಿಯೊಂದಿತ್ತು. ಆಗ ಆ ಮಿತಿಯನ್ನು ಆರು ತಿಂಗಳಿಗೊಮ್ಮೆ ಮಾತ್ರ ಬದಲಾಯಿಸುತ್ತಿದ್ದರು. ಹೀಗಾಗಿ ಕೊಳ್ಳುವ ಬೆಲೆ ಮಾರುವ ಬೆಲೆಯನ್ನು ದಾಟಿ ಹೋಯಿತು.

ಮುಂದಿನ ಚಳಿಗಾಲಕ್ಕೆ ಬೇಕಾದ್ದನ್ನು ಮುಂಚಿತವಾಗಿಯೇ ಕೊಂಡು ಬೆಲೆ ಗೊತ್ತುಮಾಡಿಕೊಂಡಿದ್ದ ಕಂಪನಿಗಳು ಹೇಗೋ ನಿಂತುಕೊಂಡವು. ಆದರೆ ಹಾಗೆ ಕೊಂಡಿಡಲು ಬಂಡವಾಳ ಬೇಕು. ಅದಿಲ್ಲದ ಕಂಪನಿಗಳು ಅಂದಂದಿನ ಬೆಲೆಗೆ ಕೊಂಡು ಅಂದಂದೇ ಮಾರುತ್ತಿದ್ದವು. ಬೆಲೆ ಇಳಿಯುತ್ತಿದ್ದಾಗ ಇದೇ ಅವುಗಳಿಗೆ ಲಾಭ. ಬೆಲೆ ಏರಿದಾಗ ಒಂದೊಂದಾಗಿ ಉರುಳಿದವು. ಸೆಪ್ಟೆಂಬರ್ 22ರಂದು ಬಿದ್ದ ಏವ್ರೋ ಎನರ್ಜಿ ಎಂಬ ಕಂಪನಿಯೊಂದಕ್ಕೇ ಸುಮಾರು 5 ಲಕ್ಷ 80 ಸಾವಿರ ಮನೆಗಳ ಗ್ರಾಹಕರಿದ್ದರು. ನವೆಂಬರಿನಲ್ಲಿ 15 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿಯೂ ಸೋತಿತು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಇನ್ನೊಬ್ಬರಿಗೆ ಒಪ್ಪಿಸಲಾಗದೆ ಸರ್ಕಾರವೇ ಹಣ ಕೊಟ್ಟು ಆಡಳಿತಾಧಿಕಾರಿಗಳ ಮೂಲಕ ನಡೆಸಬೇಕಾಯಿತು. 2021ರ ಜುಲೈಯಿಂದ ಮುಂದಿನ ಒಂದು ವರ್ಷದೊಳಗೆ ಬಿದ್ದ ಕಂಪನಿಗಳು ಒಟ್ಟು 29. ತೊಂದರೆಗೊಳಗಾದ ಮನೆಗಳು ಸುಮಾರು 40 ಲಕ್ಷ.

ಆದರೆ ಒಂದು ಮನೆಯ ದೀಪವೂ ಆರಲಿಲ್ಲ. ಮಾರುವವನು ಮುಳುಗಿದರೂ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಕೆಲವೇ ದಿನಗಳಲ್ಲಿ ಬೇರೊಂದು ಕಂಪನಿಯನ್ನು ಗೊತ್ತುಮಾಡುತ್ತದೆ. ಮನೆಯವರ ಖಾತೆಯಲ್ಲಿ ಜಮೆಯಿದ್ದ ಹಣವನ್ನು ಹೊಸ ಕಂಪನಿಗೆ ದಾಟಿಸುತ್ತದೆ.

ಈ ಜಮೆ ಹಣದ ವಿಷಯ ನಮ್ಮವರು ತಿಳಿಯಬೇಕಾದ್ದು. ಅಲ್ಲಿ ಬಹಳ ಮಂದಿ ವರ್ಷದ ಖರ್ಚನ್ನು ಅಂದಾಜು ಮಾಡಿ ತಿಂಗಳಿಗೆ ಇಷ್ಟೆಂದು ಸಮನಾಗಿ ಕಟ್ಟುತ್ತಾರೆ. ಬೇಸಿಗೆಯಲ್ಲಿ ಬಳಕೆ ಕಡಿಮೆ, ಆದ್ದರಿಂದ ಹಣ ಕೂಡಿಬೀಳುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅದು ಕರಗುತ್ತದೆ. ಸೆಪ್ಟೆಂಬರ್ ಎಂದರೆ ಜಮೆ ತುಂಬಿರುವ ಕಾಲ. ಕಂಪನಿಗಳು ಮುಳುಗಿದ್ದೂ ಸರಿಯಾಗಿ ಆ ಕಾಲದಲ್ಲೇ.

ಅಕ್ಟೋಬರಿನಲ್ಲಿ ಆ ತಾಯಿ ನಗುಮುಖದಿಂದ ಬಂದರು. "ಎಲ್ಲ ಸರಿಹೋಯ್ತು ಮೇಷ್ಟ್ರೇ. ಹೊಸ ಕಂಪನಿಯಿಂದ ಕಾಗದ ಬಂತಂತೆ. ಇನ್ನೂರು ಪೌಂಡ್ ಜಮೆ ಇತ್ತಂತೆ, ಒಂದು ಪೈಸೆ ಹೋಗಿಲ್ಲ. ಇನ್ಮೇಲೆ ಹಳೇ ಅಗ್ಗದ ದರ ಸಿಗಲ್ಲ ಅಷ್ಟೇ. ಎರಡು ವರ್ಷ ಅಗ್ಗಕ್ಕೆ ಸಿಕ್ಕಿದ್ದು ಲಾಭವೇ ಆಯ್ತು ಅಂತಾನೆ ಅಳಿಯ."

ದೇವರಿಗೆ ಸ್ತೋತ್ರ ಎಂದೆ. ಹೊರಟವರು ತಿರುಗಿ ನಿಂತು ಕೇಳಿದರು: "ಅಲ್ಲ ಮೇಷ್ಟ್ರೇ, ಕಂಪನಿಯವನು ಆ ದುಡ್ಡು ಖರ್ಚು ಮಾಡಿಬಿಟ್ಟಿದ್ದ ತಾನೆ? ನನ್ನ ಮಗಳಿಗೂ ನಷ್ಟ ಆಗಲಿಲ್ಲ. ಹಾಗಾದ್ರೆ ನಷ್ಟ ಆಗಿದ್ದು ಯಾರಿಗೆ?"

ಚೀಟಿ ನಡೆಸಿ, ಕೋಳಿ ಸಾಕಿ ಮೂರು ಮಕ್ಕಳನ್ನು ಓದಿಸಿದ ಹೆಂಗಸು. ಲೆಕ್ಕ ಎಲ್ಲಿ ತಪ್ಪುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

ನಷ್ಟ ಎಲ್ಲಿಗೆ ಹೋಯಿತು?

ಉತ್ತರ ಮುಂದಿನ ವರ್ಷದ ಬಿಲ್ಲಿನಲ್ಲಿತ್ತು. ಮುಳುಗಿದ ಕಂಪನಿಗಳ ಗ್ರಾಹಕರನ್ನು ವಹಿಸಿಕೊಂಡವರಿಗೆ ಆದ ಖರ್ಚನ್ನು, ಅಂದರೆ ದುಬಾರಿ ಬೆಲೆಗೆ ಕೊಂಡ ವಿದ್ಯುತ್ತು, ಗ್ಯಾಸು, ತುಂಬಿಕೊಟ್ಟ ಜಮೆ ಹಣ ಇವನ್ನೆಲ್ಲ, ದೇಶದ ಎಲ್ಲ ಮನೆಗಳ ಬಿಲ್ಲಿಗೆ ಹಂಚಿದರು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಬಲ್ಬ್ ಬಿಟ್ಟು ಉಳಿದ 28 ಕಂಪನಿಗಳ ಸೋಲಿನ ಖರ್ಚು ಅಂದಾಜು 270 ಕೋಟಿ ಪೌಂಡ್. ಒಂದೊಂದು ಮನೆಗೆ ಸುಮಾರು 94 ಪೌಂಡ್. ಸಾಕಷ್ಟು ಬಂಡವಾಳವಿಲ್ಲದವರಿಗೂ ಸುಲಭವಾಗಿ ಪರವಾನಗಿ ಕೊಟ್ಟು, ಆಮೇಲೆ ಸರಿಯಾಗಿ ಗಮನಿಸದೆ ಇದ್ದದ್ದು ನಿಯಂತ್ರಣ ಸಂಸ್ಥೆಯ ಲೋಪವೆಂದೂ ಆ ವರದಿ ತೋರಿಸಿಕೊಟ್ಟಿತು.

ಈ ಹೊರೆಯ ಬಹುಭಾಗ ಸೇರಿದ್ದು ದಿನದ ನಿಗದಿತ ಶುಲ್ಕಕ್ಕೆ. ನಮ್ಮ ಬಿಲ್ಲಿನಲ್ಲಿ ನಿಗದಿತ ಶುಲ್ಕ ಇರುವಂತೆಯೇ ಅಲ್ಲಿಯೂ ಉಂಟು. ಒಂದು ಯೂನಿಟ್ಟೂ ಉರಿಸದಿದ್ದರೂ ದಿನಕ್ಕೆ ಇಷ್ಟೆಂದು ಕೊಡಲೇಬೇಕು. ವಿದ್ಯುತ್ತಿನ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು 25 ಪೆನ್ನಿಯಿಂದ ಸುಮಾರು 45 ಪೆನ್ನಿಗೆ ಏರಿತು. ಏರಿಕೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಮುಳುಗಿದ ಕಂಪನಿಗಳ ಸಾಲ ಅದರಲ್ಲಿ ದೊಡ್ಡ ಪಾಲು.

ಇದರ ಅರ್ಥವನ್ನು ಆ ಮಗಳ ಪಕ್ಕದ ಮನೆಯಲ್ಲೇ ನೋಡಬಹುದಾಗಿತ್ತು. ಅಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದರು. ಆಕೆಯ ಮನೆಯದು ಮೊದಲೇ ಹಣ ತುಂಬಬೇಕಾದ ಮೀಟರು. ಅಂಗಡಿಗೆ ಹೋಗಿ ಕೀಲಿಗೆ ಹಣ ತುಂಬಿಸಿ ತಂದರೆ ದೀಪ, ಇಲ್ಲದಿದ್ದರೆ ಕತ್ತಲೆ. ಹಣ ತುಂಬದ ದಿನಗಳಲ್ಲೂ ನಿಗದಿತ ಶುಲ್ಕ ಏರುತ್ತಲೇ ಇರುತ್ತದೆ. ಮುಂದಿನ ಸಲ ತುಂಬಿದಾಗ ಮೊದಲು ಅದನ್ನು ಮುರಿದುಕೊಳ್ಳುತ್ತದೆ. ಆ ಮುದುಕಿ ಎಂದೂ ಕಂಪನಿ ಬದಲಾಯಿಸಿದವರಲ್ಲ. ಅಗ್ಗದ ದರದ ಒಂದು ಪೆನ್ನಿಯನ್ನೂ ಉಂಡವರಲ್ಲ. ಆದರೂ ಅಗ್ಗದ ಕಂಪನಿಗಳ ನಷ್ಟದಲ್ಲಿ, ದೊಡ್ಡ ಬಂಗಲೆಯಲ್ಲಿರುವವರಷ್ಟೇ ಅವರೂ ತುಂಬಬೇಕಾಯಿತು.

ಹಾಗಾದರೆ ಈ ನರ್ಸ್ ಮಗಳು ತಪ್ಪು ಮಾಡಿದಳೆ? ಆಕೆಯ ಸಂಸಾರ ಎರಡು ವರ್ಷ ಉಳಿಸಿದ ಹಣ ಆ ಮುದುಕಿಯ ಕೈಯಿಂದ ಬಂದದ್ದೆ? ಪ್ರಶ್ನೆ ಕಟುವಾಗಿದೆ. ಆದರೆ ನಮ್ಮ ತಾಯಿ ಕೇಳಿದ್ದು ಅದನ್ನೇ.

ಹತ್ತು ಮಂದಿ ಕನ್ಯೆಯರು

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿ ನಮಗೆಲ್ಲ ಗೊತ್ತು. ಮದುಮಗನನ್ನು ಎದುರುಗೊಳ್ಳಲು ಹತ್ತು ಮಂದಿ ಕನ್ಯೆಯರು ದೀಪ ಹಿಡಿದು ಹೊರಟರು. ಐವರು ಜಾಣೆಯರು ಪಾತ್ರೆಯಲ್ಲಿ ಎಣ್ಣೆಯನ್ನೂ ತಂದಿದ್ದರು. ಐವರು ತರಲಿಲ್ಲ. ನಡುರಾತ್ರಿ ದೀಪ ಆರುವಾಗ ಎಣ್ಣೆ ಬೇಡಿದರು. ಕೊಟ್ಟರೆ ಇಬ್ಬರಿಗೂ ಸಾಲದು, ಅಂಗಡಿಗೆ ಹೋಗಿ ಎಂದರು ಜಾಣೆಯರು.

ಇದನ್ನು ಕೇಳುವಾಗಲೆಲ್ಲ ಜಾಣೆಯರು ಸ್ವಲ್ಪ ಕಲ್ಲೆದೆಯವರೆಂದು ಮಕ್ಕಳು ಹೇಳುವುದುಂಟು. ಸಾಮತಿಯ ಮುಖ್ಯ ಮಾತು ಸ್ವರ್ಗರಾಜ್ಯಕ್ಕೆ ಸಿದ್ಧರಾಗಿರುವುದು, ಎಣ್ಣೆಯ ವ್ಯಾಪಾರವಲ್ಲ. ಆದರೂ ಅದರ ಹೊರಗಿನ ಕಥೆ ನಮ್ಮ ವಿಷಯಕ್ಕೆ ಬೆಳಕು ಕೊಡುತ್ತದೆ. ಮುಂಚಿತವಾಗಿ ಗ್ಯಾಸ್ ಕೊಂಡಿಟ್ಟ ಕಂಪನಿಗಳು ಎಣ್ಣೆ ತಂದವರ ಹಾಗೆ. ಕೊಂಡಿಡದವರು ಖಾಲಿ ಪಾತ್ರೆಯವರು. ಬ್ರಿಟನ್ನಿನಲ್ಲಿ ಮಾತ್ರ ಕಥೆ ಬೇರೆಯಾಗಿ ಮುಗಿಯಿತು. ಯಾರ ದೀಪವೂ ಆರಬಾರದೆಂದು ಕಾನೂನು ಎಲ್ಲರ ದೀಪದಿಂದಲೂ ಒಂದೊಂದು ಚಮಚ ಎಣ್ಣೆ ತೆಗೆಯಿತು.

ತೆಗೆದದ್ದು ತಪ್ಪಲ್ಲ. ಎಳೆಗೂಸಿರುವ ಮನೆಯನ್ನು ಚಳಿಯಲ್ಲಿ ಬಿಡಬೇಕೆಂದು ಯಾರೂ ಹೇಳಲಾರರು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದೇ ಕ್ರೈಸ್ತ ಜೀವನ. ತಪ್ಪಿರುವುದು ಅಳತೆಯಲ್ಲಿ. ಕೊಡ ತುಂಬ ಎಣ್ಣೆಯಿದ್ದವನಿಂದಲೂ ಒಂದು ಚಮಚ, ಹಣತೆಯಲ್ಲಿ ನಾಲ್ಕು ಹನಿ ಇದ್ದವಳಿಂದಲೂ ಅದೇ ಒಂದು ಚಮಚ. ಚಮಚ ಒಂದೇ ಆದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ಇನ್ನು ಕೊಂಡವರ ವಿಷಯ. ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಕೊಡುಕೊಳ್ಳುವಿಕೆಯ ನ್ಯಾಯವನ್ನು ಕುರಿತು ಬರೆದಿದ್ದಾರೆ. ಪದಾರ್ಥದ ಯೋಗ್ಯತೆಗಿಂತ ಹೆಚ್ಚು ಬೆಲೆಗೆ ಮಾರುವುದು ಅನ್ಯಾಯ. ಇದನ್ನು ನಾವೆಲ್ಲ ತಲೆದೂಗಿ ಒಪ್ಪುತ್ತೇವೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದೂ ಅನ್ಯಾಯವೇ ಎಂದರು. ಇಲ್ಲಿ ನಮ್ಮ ತಲೆ ಅಷ್ಟು ಬೇಗ ಆಡುವುದಿಲ್ಲ. ಅಗ್ಗಕ್ಕೆ ಕೊಂಡವನನ್ನು ಜಾಣ ಎಂದೇ ನಾವು ಹೊಗಳುವುದು.

ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಮಾರಿದ ವಸ್ತುವಿನಲ್ಲಿ ಕೊರತೆಯಿರುವುದು ಮಾರಿದವನಿಗೇ ಗೊತ್ತಿರದಿದ್ದರೆ ಅದು ಅವನ ಪಾಪವಲ್ಲ. ಆದರೆ ಗೊತ್ತಾದ ದಿನದಿಂದ ನಷ್ಟ ತುಂಬಿಕೊಡುವ ಹೊಣೆ ಅವನ ಮೇಲೆ ಬರುತ್ತದೆ. ಕೊಂಡವನಿಗೂ ಇದೇ ನಿಯಮ. ನಮ್ಮ ಕಟು ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ತೋರುತ್ತದೆ. ಕಂಪನಿಯ ಒಳಗಿನ ಲೆಕ್ಕ ಆ ಮಗಳಿಗೆ ತಿಳಿಯುವುದು ಸಾಧ್ಯವಿರಲಿಲ್ಲ. ಸರ್ಕಾರದ ಪರವಾನಗಿ ಇತ್ತು, ಕಂಪನಿ ಬದಲಾಯಿಸಿ ಉಳಿಸಿ ಎಂದು ದೊಡ್ಡವರೇ ಹೇಳುತ್ತಿದ್ದರು. ನಂಬಿದಳು. ಆದ್ದರಿಂದ ಅವಳ ತಲೆಯ ಮೇಲೆ ತಪ್ಪು ಹೊರಿಸುವುದು ಸಲ್ಲದು. ಅಂದಿನ ತಪ್ಪು ಮೊದಲಿಗೆ, ಗ್ರಾಹಕರು ನಂಬಿ ಮುಂಗಡ ಕಟ್ಟಿದ ಹಣವನ್ನು ತನ್ನ ಬಂಡವಾಳದಂತೆ ಬಳಸಿಕೊಂಡ ವ್ಯಾಪಾರಿಯದು. ಇನ್ನೂ ಬಳಸದ ವಿದ್ಯುತ್ತಿಗೆ ಕೊಟ್ಟ ಹಣ ಅಮಾನತು, ಲಾಭವಲ್ಲ. ಬಳಿಕ, ಬಾಗಿಲಲ್ಲಿ ನಿಂತು ಕಾಯಬೇಕಾಗಿದ್ದವರದು. ಗೋಪುರ ಕಟ್ಟುವ ಮುನ್ನ ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕನ ಶುಭಸಂದೇಶದಲ್ಲಿ ಪ್ರಭು ಹೇಳುತ್ತಾರೆ. ಇಲ್ಲಿ ಕಟ್ಟುವವನೂ ಲೆಕ್ಕ ಹಾಕಲಿಲ್ಲ, ಅಪ್ಪಣೆ ಕೊಟ್ಟವನೂ ಕೇಳಲಿಲ್ಲ.

ಆದರೆ ಗೊತ್ತಾದ ಮೇಲೆ? "ನನ್ನ ದುಡ್ಡು ಬಂತು, ಕಥೆ ಮುಗಿಯಿತು" ಎನ್ನುವುದಕ್ಕಾಗುವುದಿಲ್ಲ. ನಮ್ಮ ಹಣ ಸುರಕ್ಷಿತವಾಗಿದೆ ಎಂದರೆ ನಷ್ಟ ಆಗಿಲ್ಲ ಎಂದಲ್ಲ. ಅದನ್ನು ಯಾರೋ ಕಾಣದವರು ತುಂಬಿದ್ದಾರೆ ಎಂದು.

ಒಂದು ಸಣ್ಣ ಲಕೋಟೆ

ಮಗಳಿಗೆ ಈ ಮಾತುಗಳನ್ನೆಲ್ಲ ನಾನು ಬರೆಯಲಿಲ್ಲ. ತಾಯಿಯೇ ಫೋನಿನಲ್ಲಿ ಹೇಳಿದರಂತೆ: "ಪಕ್ಕದ ಮನೆ ಅಜ್ಜಿಗೆ ಈಗ ಬಿಲ್ ಹೆಚ್ಚಾಗಿದೆಯೇನೇ? ಹೋಗಿ ಕೇಳು." ಅಷ್ಟೇ.

2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಶುರುವಾಗಿ ಬೆಲೆ ಇನ್ನೂ ಏರಿತ್ತು. ಆ ಚಳಿಗಾಲ ಬ್ರಿಟಿಷ್ ಸರ್ಕಾರ ಪ್ರತಿ ಮನೆಗೂ 400 ಪೌಂಡ್ ನೆರವು ಕೊಟ್ಟಿತು. ಆರು ಕಂತು. ಅಕ್ಟೋಬರ್, ನವೆಂಬರಿಗೆ 66 ಪೌಂಡ್, ಮಾರ್ಚ್‌ವರೆಗಿನ ಉಳಿದ ನಾಲ್ಕು ತಿಂಗಳಿಗೆ 67. ತಿಂಗಳಿಗೊಮ್ಮೆ ಬ್ಯಾಂಕಿನ ಮೂಲಕ ಬಿಲ್ ಕಟ್ಟುವವರಿಗೆ ಅದು ತಾನಾಗಿಯೇ ಸಂದಿತು. ಕೀಲಿ ಮೀಟರಿನವರಿಗೆ ಮಾತ್ರ ಚೀಟಿ ಕಳಿಸಿದರು. ಅದನ್ನು ಅಂಚೆ ಕಚೇರಿಗೋ ಅಂಗಡಿಗೋ ಒಯ್ದು, ಗುರುತು ತೋರಿಸಿ, ಕೀಲಿಗೆ ತುಂಬಿಸಿಕೊಳ್ಳಬೇಕು. ಯಾರಿಗೆ ನೆರವು ಹೆಚ್ಚು ಬೇಕಾಗಿತ್ತೋ ಅವರಿಗೇ ದಾರಿ ಹೆಚ್ಚು ದೂರ. ಎಷ್ಟೋ ಚೀಟಿಗಳು ಬಳಕೆಯಾಗದೆ ಉಳಿದವು.

ಮಗಳು ಹೋಗಿ ಬಾಗಿಲು ತಟ್ಟಿದಾಗ ಮುದುಕಿ ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಕುಳಿತಿದ್ದರಂತೆ. ಮಾತಿನ ನಡುವೆ ಮೇಜಿನ ಖಾನೆಯಿಂದ ಒಡೆಯದ ಲಕೋಟೆಗಳು ಹೊರಬಂದವು. ಬಿಲ್ಲೆಂದು ಹೆದರಿ ಅವರು ತೆರೆದೇ ಇರಲಿಲ್ಲ. ಅವುಗಳಲ್ಲಿ ಎರಡು ತಿಂಗಳ ಚೀಟಿಗಳಿದ್ದವು. ಮರುದಿನ ರಾತ್ರಿ ಪಾಳಿ ಮುಗಿಸಿ ಬಂದ ಮಗಳು ನಿದ್ದೆ ಮಾಡುವ ಮೊದಲು ಮುದುಕಿಯ ಕೈ ಹಿಡಿದು ಅಂಚೆ ಕಚೇರಿಗೆ ನಡೆಸಿಕೊಂಡು ಹೋದಳು. ಉಳಿದ ತಿಂಗಳುಗಳಲ್ಲೂ ಹಾಗೆಯೇ ಮಾಡಿದಳು.

ಇದರಿಂದ 270 ಕೋಟಿ ಪೌಂಡಿನ ಲೆಕ್ಕ ಸರಿಹೋಗಲಿಲ್ಲ, ನಿಜ. ಹೊರೆಯನ್ನು ಶಕ್ತಿಗೆ ತಕ್ಕಂತೆ ಹಂಚುವುದು ಸರ್ಕಾರದ ಕೆಲಸ, ಅದನ್ನು ಒಬ್ಬ ನರ್ಸ್ ಮಾಡಲಾರಳು. ಆದರೆ ತಿಳಿದ ಮೇಲೆ ಬಂದ ಹೊಣೆಯನ್ನು ಕೈಗೆಟಕಿದ ಬಾಗಿಲಿನಲ್ಲಿ ತೀರಿಸಬಹುದು.

ಚಿಂತೆ ಬೇರೆ, ಎಚ್ಚರ ಬೇರೆ

ವಿದೇಶದಲ್ಲಿರುವ ಮಕ್ಕಳಿಂದ ಇಂಥ ಫೋನು ಬಂದಾಗ ನಮ್ಮ ಮನೆಗಳಲ್ಲಿ ನಿದ್ದೆ ಕೆಡುತ್ತದೆ. ನಾಳಿನ ಚಿಂತೆ ಬೇಡವೆಂದ ಪ್ರಭುವೇ ಲೆಕ್ಕ ಹಾಕಿ ಗೋಪುರ ಕಟ್ಟಿರೆಂದೂ ಹೇಳಿದರು. ಎರಡಕ್ಕೂ ವಿರೋಧವಿಲ್ಲ. ಚಿಂತೆ ರಾತ್ರಿಯಿಡೀ ಕುಳಿತು ಏನೂ ಮಾಡುವುದಿಲ್ಲ. ಎಚ್ಚರ ಮಾಡಬೇಕಾದ ನಾಲ್ಕು ಕೆಲಸ ಮಾಡಿ ಮಲಗುತ್ತದೆ.

ಬ್ರಿಟನ್ನಿನಲ್ಲಿರುವ ಮಕ್ಕಳಿಗೆ ಆ ನಾಲ್ಕು ಕೆಲಸ ಹೇಳಿಕೊಡಿ. ಕಂಪನಿ ಮುಳುಗಿತೆಂದು ತಿಳಿದ ಕೂಡಲೆ ಮೀಟರಿನ ಅಂಕಿಯ ಫೋಟೋ ತೆಗೆದಿಡಲಿ. ಹಳೆಯ ಬಿಲ್ಲುಗಳನ್ನು ಜೋಪಾನ ಮಾಡಲಿ. ಹೊಸ ಕಂಪನಿಯ ಕಾಗದ ಬರುವವರೆಗೆ ಗಾಬರಿಯಿಂದ ಬೇರೆಡೆಗೆ ಹಾರುವುದು ಬೇಡ, ಬ್ಯಾಂಕಿನ ಕಂತನ್ನು ರದ್ದು ಮಾಡುವುದೂ ಬೇಡ. ಖಾತೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಮೆ ಬೆಳೆದಿದ್ದರೆ ಮೊದಲೇ ಕೇಳಿ ವಾಪಸು ಪಡೆಯಲಿ. ನಿಯಮಗಳೂ ಈಗ ಬಿಗಿಯಾಗಿವೆ. ವಿದ್ಯುತ್ತು, ಗ್ಯಾಸು ಎರಡನ್ನೂ ಕೊಳ್ಳುವ ಪ್ರತಿಯೊಂದು ಮನೆಯ ಲೆಕ್ಕಕ್ಕೆ 115 ಪೌಂಡ್ ಬಂಡವಾಳವನ್ನು ಕಂಪನಿ ಹೊಂದಿರಬೇಕೆಂಬ ಗುರಿಯನ್ನು 2025ರ ಮಾರ್ಚ್‌ನಿಂದ ಆಫ್‌ಜೆಮ್ ಗೊತ್ತುಮಾಡಿದೆ. ಅಗ್ಗದ ಕಾಲ ಅದರಿಂದ ಸ್ವಲ್ಪ ಕಡಿಮೆಯಾದೀತು. ಆಗಲಿ.

ಐದನೆಯ ಕೆಲಸವೊಂದಿದೆ, ಅದು ಎಲ್ಲ ಊರುಗಳಿಗೂ ಸಲ್ಲುವುದು. ಯಾವುದಾದರೂ ತೀರ ಅಗ್ಗವಾಗಿ ಸಿಕ್ಕಾಗ, "ಉಳಿದ ಬೆಲೆಯನ್ನು ಯಾರು ಕೊಡುತ್ತಿದ್ದಾರೆ?" ಎಂದು ಒಮ್ಮೆ ಕೇಳುವುದು. ಪ್ರತಿ ಸಲವೂ ಉತ್ತರ ಸಿಗಲಿಕ್ಕಿಲ್ಲ. ಬಡವರು ಅಗ್ಗದ್ದನ್ನು ಕೊಳ್ಳದೆ ಬೇರೆ ದಾರಿಯೂ ಇರಲಿಕ್ಕಿಲ್ಲ. ಆದರೂ ಕೇಳುವ ಅಭ್ಯಾಸವಿದ್ದ ಮನೆಯಲ್ಲಿ ಪಕ್ಕದ ಮನೆಯವರ ನೆನಪು ಉಳಿಯುತ್ತದೆ.

ಈಚೆಗೆ ನಮ್ಮ ಬೀದಿಯಲ್ಲಿ ಒಬ್ಬರು ಹೊಸ ಚೀಟಿ ಶುರುಮಾಡಿದರು. ಬೇರೆಲ್ಲಿಯೂ ಕೊಡದಷ್ಟು ಲಾಭ ಕೊಡುತ್ತೇನೆಂದು ಮನೆಮನೆಗೆ ಬಂದರು. ನಮ್ಮ ತಾಯಿ ಅವರಿಗೆ ಕಾಫಿ ಕೊಟ್ಟು, ಕೂರಿಸಿ, ಮೆಲ್ಲಗೆ ಕೇಳಿದರಂತೆ: "ಅಷ್ಟು ದುಡ್ಡು ಯಾರ ಮನೆಯಿಂದ ತರ್ತೀಯಪ್ಪಾ?"

ಅವರು ಕಾಫಿ ಕುಡಿದು ಮುಂದಿನ ಮನೆಗೆ ಹೋದರು. ತಾಯಿ ಅವರ ಹಿಂದೆಯೇ ಹೋಗಿ ಮುಂದಿನ ಮನೆಯವರನ್ನೂ ಎಚ್ಚರಿಸಿ ಬಂದರು.